ನನ್ನ ಚೀಲದ ಭಾರ

ಮೀನು ತೂಗುವ ತಕ್ಕಡಿಯ ಕೊಕ್ಕೆಯಲ್ಲಿ ನನ್ನ ಚೀಲ ನೇತಾಡುತ್ತಿತ್ತು. ಮುಳ್ಳು ಅಲುಗಿತೋ ಇಲ್ಲವೋ ಎನ್ನುವಷ್ಟು ಅಲುಗಿ ನಿಂತುಬಿಟ್ಟಿತು.

"ಈ ಗಾತ್ರದ್ದು ಸಿಕ್ಕಿದ್ರೆ ನಮ್ಮಪ್ಪ ವಾಪಸ್ ನದಿಗೆ ಬಿಟ್ಬಿಡ್ತಾರೆ," ಎಂದ ಒಕ್ತಾವಿಯೊ. ತಕ್ಕಡಿ ಅವನಪ್ಪನದು, ಬೆಟ್ಟದ ಪ್ರವಾಸಕ್ಕೆ ಸಾಮಾನು ತುಂಬಲು ನಾವು ನಾಲ್ವರು ಸೇರಿದ್ದ ತಾರಸಿಯೂ ಅವನ ಮನೆಯದೇ.

ಹಿಮೇನಾ ಕಿಲಕಿಲನೆ ನಕ್ಕಳು. ಒಕ್ತಾವಿಯೊ ಏನು ಹೇಳಿದರೂ ಅವಳಿಗೆ ನಗು, ಹೊಸದಾಗಿ ಪ್ರೀತಿಯಲ್ಲಿ ಬಿದ್ದವರ ಪಾಡೇ ಅದು. ನನಗೆ ನಗು ಬರಲಿಲ್ಲ.

ಚೀಲ ಇಳಿಸಿ ಬಿಚ್ಚಿ ನೋಡಿದೆ. ನನ್ನ ಬಟ್ಟೆ, ಹೊದಿಕೆ, ಚಹಾದಂತೆ ಕುಡಿಯುವ ಮಾಟೆ ಸೊಪ್ಪಿನ ಒಂದು ಪೊಟ್ಟಣ, ಒಂದಿಷ್ಟು ಬಿಸ್ಕತ್ತು. ಸ್ಟೌ ಇಲ್ಲ, ಪಾತ್ರೆ ಇಲ್ಲ, ಬೇಳೆ ಇಲ್ಲ. ನರ್ಸರಿ ಮಕ್ಕಳನ್ನು ಪಾರ್ಕಿಗೆ ಕಳಿಸುವಾಗ ಇದಕ್ಕಿಂತ ಹೆಚ್ಚು ತುಂಬಿ ಕಳಿಸುತ್ತಾರೆ.

"ಇದನ್ನ ತುಂಬಿದ್ದು ಯಾರು?"

ಕೇಳುವ ಅಗತ್ಯವೇ ಇರಲಿಲ್ಲ. ಇಬ್ಬರೂ ನೀರಿನ ಟ್ಯಾಂಕಿನ ನೆರಳಿನತ್ತ ನೋಡಿದರು. ಅಲ್ಲಿ ಫ್ಲಾಸ್ಕನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಲ್ತಸಾರ್ ಮಾಟೆ ಹೀರುವ ಸೋರೆ ಬುರುಡೆಗೆ ಬಿಸಿನೀರು ಹೊಯ್ಯುತ್ತಿದ್ದ. ತಲೆ ಎತ್ತಲಿಲ್ಲ. ಆ ಉದ್ದುದ್ದ ರೆಪ್ಪೆಗಳನ್ನು ಇಳಿಸಿಕೊಂಡೇ ಕೂತಿದ್ದ. ಅಂಥ ರೆಪ್ಪೆಗಳನ್ನು ದೇವರು ಇಂಥ ಪೆದ್ದನಿಗೆ ಯಾಕೆ ಕೊಟ್ಟನೋ, ನನಗಂತೂ ಅರ್ಥವಾಗಿಲ್ಲ.

ಮುಚ್ಚಿಟ್ಟು ಏನು ಪ್ರಯೋಜನ, ಅವನೆಂದರೆ ನನಗೆ ಪ್ರಾಣ. ಅದಕ್ಕೇ ಅಷ್ಟು ಸಿಟ್ಟು ಬಂದಿದ್ದು.

ಕಳೆದ ಚಳಿಗಾಲದಲ್ಲಿ ಹಾಕಿ ಆಡುವಾಗ ನನ್ನ ಹಿಮ್ಮಡಿಯ ಮೂಳೆ ಮುರಿದಿತ್ತು. ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲಿ ಬಿದ್ದಿದ್ದಾಗ ಬಾಲ್ತಾ ದಿನಾ ಸಂಜೆ ಫ್ಲಾಸ್ಕ್ ಹಿಡಿದು ಬರುತ್ತಿದ್ದ. ಬರಿಲೋಚೆಯ ಬೆಟ್ಟಗಳ ಮೇಲಿನ ದಾರಿಯನ್ನು ಪೆನ್ನಿನಿಂದ ಆ ಪ್ಲಾಸ್ಟರ್ ಮೇಲೇ ಬಿಡಿಸಿದ್ದ. ಹೆಬ್ಬೆರಳಿನ ಹತ್ತಿರ ಬಸ್ ಸ್ಟ್ಯಾಂಡು, ಮೊಣಕಾಲಿನ ಹತ್ತಿರ ಎರಡು ಸರೋವರಗಳೂ ಒಟ್ಟಿಗೆ ಕಾಣುವ ಕಣಿವೆಯ ನೆತ್ತಿ. "ಇಲ್ಲಿಗೆ ನಾವು ಹೋಗ್ತೀವಿ," ಅಂದಿದ್ದ. ನಾನು ಮತ್ತೆ ನಡೆಯಲು ಕಲಿತದ್ದು ಆ ಚಿತ್ರದ ಆಸೆಯಿಂದ. ಇನ್ನು ಓಡಬಹುದು ಎಂದು ಡಾಕ್ಟರ್ ಹೇಳಿದ ಮೇಲೆ ಪರಾನಾ ನದಿಯ ದಂಡೆಯಲ್ಲಿ ದಿನಾ ಓಡಿದ್ದೂ ಅದಕ್ಕೇ.

"ಸಿಟ್ಟು ಮಾಡ್ಕೋಬೇಡ ಕಣೇ ಮೈತೆ," ಎಂದ ಒಕ್ತಾವಿಯೊ, ಸಮಾಧಾನ ಮಾಡಲು ಹೋಗಿ. "ಕೆಳಗಿನ ದಾರೀಲಿ ಹೋಗೋದಾದ್ರೆ ಅಷ್ಟೊಂದು ಸಾಮಾನು ಬೇಕಾಗೋದೂ ಇಲ್ಲ."

"ಕೆಳಗಿನ ದಾರಿ?"

ಹಿಮೇನಾ ಅವನ ಕಾಲು ತುಳಿದಳು. ತಡವಾಗಿತ್ತು.

"ಯಾವ ಕೆಳಗಿನ ದಾರಿ ಬಾಲ್ತಾ?"

"ಸರೋವರದ ದಂಡೆ ದಾರಿ," ಎಂದ ಅವನು ಬುರುಡೆಯತ್ತ ನೋಡುತ್ತಲೇ. "ಚೆನ್ನಾಗಿದೆ. ನೆರಳಿದೆ."

"ನೆರಳಿದೆ! ಬೆಂಚ್ ಇದ್ಯಾ? ವೀಲ್ ಚೇರ್ ತಳ್ಳೋಕೆ ಜಾಗ ಇದ್ಯಾ? ಯಾವಾಗ ನಿರ್ಧಾರ ಆಯ್ತು ಇದು?"

ನಾನು ಅವನ ಚೀಲದತ್ತ ನಡೆದು ಬಾಯಿಕಟ್ಟಿನ ದಾರ ಎಳೆದೆ. ಸ್ಟೌ, ಗ್ಯಾಸ್ ಡಬ್ಬಿ, ಪಾತ್ರೆ, ಬೇಳೆ ಎಲ್ಲ ಅಲ್ಲೇ ಇದ್ದವು. ಅವುಗಳ ಕೆಳಗೆ ಟೆಂಟಿನ ಬಟ್ಟೆ. ಬಟ್ಟೆಯ ಪಕ್ಕದಲ್ಲಿ ಟೆಂಟಿನ ಕೋಲುಗಳು.

ಕೋಲುಗಳನ್ನು ಕಂಡದ್ದೇ ನನ್ನ ಮೈಯೆಲ್ಲ ಉರಿದುಹೋಯಿತು.

ನಮ್ಮ ನಾಲ್ವರಲ್ಲಿ ಒಂದು ಕಟ್ಟುಪಾಡಿದೆ. ಮೊದಲ ಪ್ರವಾಸದಲ್ಲಿ ಒಕ್ತಾವಿಯೊ ಇಡೀ ಟೆಂಟನ್ನು ಬೆನ್ನಿಗೇರಿಸಿಕೊಂಡು ದಾಪುಗಾಲು ಹಾಕಿ ಮುಂದೆ ಹೋಗಿ ದಾರಿ ತಪ್ಪಿದ್ದ. ನಾವು ಜಡಿಮಳೆಯಲ್ಲಿ ನೆಂದಿದ್ದೆವು. ಆಮೇಲೆ ಬಾಲ್ತಾನೇ ನಿಯಮ ಮಾಡಿದ: ಒಂದು ಟೆಂಟಿನಲ್ಲಿ ಮಲಗುವ ಇಬ್ಬರಲ್ಲಿ ಬಟ್ಟೆ ಒಬ್ಬರ ಚೀಲದಲ್ಲಿ, ಕೋಲು ಇನ್ನೊಬ್ಬರ ಚೀಲದಲ್ಲಿ. ಒಬ್ಬರನ್ನು ಬಿಟ್ಟು ಒಬ್ಬರು ಹೋಗುವ ಹಾಗಿಲ್ಲ, ಹೋದರೆ ಇಬ್ಬರಿಗೂ ಸೂರಿಲ್ಲ.

ಈ ಸಲ ಒಕ್ತಾವಿಯೊ, ಹಿಮೇನಾ ಒಂದು ಟೆಂಟು. ಉಳಿದವರು ನಾವಿಬ್ಬರು. ಅದನ್ನು ನೆನೆಸಿಕೊಂಡು ನಾನು ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದೆ! ಈ ಮಹಾಶಯ ಕೋಲು, ಬಟ್ಟೆ ಎರಡನ್ನೂ ತಾನೇ ತುಂಬಿಕೊಂಡಿದ್ದ. ಅವನಿಗೆ ಬೇಕಾಗಿದ್ದುದು ಜೊತೆಗಾತಿಯಲ್ಲ, ಹೊತ್ತೊಯ್ಯಲು ಇನ್ನೊಂದು ಸಾಮಾನು.

ಬಾಲ್ತಾ ಬುರುಡೆಯನ್ನು ನನ್ನತ್ತ ಚಾಚಿದ. ಒಂದೇ ಬುರುಡೆಯಿಂದ ಎಲ್ಲರೂ ಸರದಿಯಲ್ಲಿ ಹೀರುವುದು ವಾಡಿಕೆ, ಈಗ ನನ್ನ ಸರದಿ ಬಂದಿತ್ತು.

"ಬೇಡ."

ಹಿಮೇನಾ ಉಸಿರು ಬಿಗಿಹಿಡಿದಳು. ನಮ್ಮೂರು ರೊಸಾರಿಯೊದಲ್ಲಿ ಗೆಳೆಯನ ಕೈಯಿಂದ ಬಂದ ಮಾಟೆಯನ್ನು ಹೀಗೆ ಬೇಡವೆನ್ನುವುದು ಕೆನ್ನೆಗೆ ಹೊಡೆದ ಹಾಗೆ. ಅವನ ಕಿವಿ ಕೆಂಪಾಯಿತು. ಆಗಲಿ ಅಂದುಕೊಂಡೆ. ಅವನ ಚೀಲವನ್ನು ಎತ್ತಿ ಬೆನ್ನಿಗೇರಿಸಿ, ಸೊಂಟದ ಪಟ್ಟಿ ಬಿಗಿದು ಮೆಟ್ಟಿಲ ಕಡೆ ಹೊರಟೆ.

"ಎಲ್ಲಿಗೇ?" ಎಂದು ಕೂಗಿದಳು ಹಿಮೇನಾ.

"ಪರೀಕ್ಷೆ ಕೊಡೋಕೆ!"

ನಮ್ಮಲ್ಲಿ ಜನವರಿ ಎಂದರೆ ನಡುಬೇಸಿಗೆ, ಉರಿಬಿಸಿಲು. ಇಡೀ ಬೀದಿ ಬಾಗಿಲು ಹಾಕಿಕೊಂಡು ಮಧ್ಯಾಹ್ನದ ನಿದ್ದೆ ಮಾಡುತ್ತಿತ್ತು. ನಾನು ಬೆಟ್ಟ ಹತ್ತುವ ಬೂಟು ಹಾಕಿಕೊಂಡು ಧಡಧಡನೆ ಕೆಳಗಿಳಿದೆ, ತಿರುಗಿ ಹತ್ತಿದೆ, ಮತ್ತೆ ಇಳಿದೆ. ಹಿಂದೆಯೇ ಬಾಲ್ತಾನ ಹೆಜ್ಜೆ ಸದ್ದು, ಕಂಕುಳಲ್ಲಿ ಅದೇ ಫ್ಲಾಸ್ಕು.

"ಯಾವ ಕತ್ತೆ ಅದು ಮೆಟ್ಟಿಲ ಮೇಲೆ ಕುಣೀತಿರೋದು?" ಕೆಳಮನೆಯಿಂದ ಒಕ್ತಾವಿಯೊನ ಅಜ್ಜಿ ಒತಿಲಿಯಾಳ ದನಿ.

"ನಾನು ಅಜ್ಜಿ, ಮೈತೇನಾ!"

"ನಿನ್ನ ಕಾಲು ಮುರಿದಿತ್ತಲ್ಲೇ?"

"ವಾಸಿ ಆಗಿದೆ ಅಜ್ಜಿ! ಎಲ್ಲರಿಗೂ ಹೇಳಿ, ದಯವಿಟ್ಟು!"

"ಹಾಗಾದ್ರೆ ಮುಚ್ಕೊಂಡು ನಡಿ, ನನಗೆ ನಿದ್ದೆ ಬರ್ತಿದೆ!"

ಮತ್ತೆ ಹತ್ತಿದೆ. ಬೆವರು ಕಣ್ಣಿಗಿಳಿಯುತ್ತಿತ್ತು, ಪಟ್ಟಿ ಹೆಗಲನ್ನು ಕೊರೆಯುತ್ತಿತ್ತು, ಹಿಮ್ಮಡಿ ಮಾತ್ರ ಚೂರೂ ನೋಯಲಿಲ್ಲ. ಮಧ್ಯದ ತಿರುವಿನಲ್ಲಿ ಬಾಲ್ತಾ ನನ್ನನ್ನು ದಾಟಿ ಬಂದು ಎದುರು ನಿಂತ.

"ಸಾಕು ಮೈತೆ. ಒಪ್ಕೋತೀನಿ, ನಿನಗೆ ಶಕ್ತಿ ಇದೆ."

"ನಿನ್ನ ಒಪ್ಪಿಗೆ ಯಾರಿಗೆ ಬೇಕು? ನನ್ನ ಕಾಲಿನ ಬಗ್ಗೆ ಡಾಕ್ಟರ್ ಹೇಳಾಯ್ತು, ನಾನು ಹೇಳಾಯ್ತು. ನೀನು ಯಾರೋ ಅದನ್ನ ತೀರ್ಮಾನ ಮಾಡೋಕೆ?"

"ಯಾರೂ ಅಲ್ಲ."

"ದಾರಿ ಬದಲಾಯಿಸೋಕೆ ಮುಂಚೆ ಒಂದು ಮಾತು ಕೇಳೋಕೆ ಏನಾಗಿತ್ತು ನಿನಗೆ?"

ಅವನು ಗೋಡೆಗೆ ಒರಗಿದ. "ಕೇಳಿದ್ರೆ ನೀನು ಮೇಲಿನ ದಾರಿ ಅಂತಿದ್ದೆ."

"ಮತ್ತೆ?"

"ಆವತ್ತು ಮೈದಾನದ ಬೇಲಿ ಪಕ್ಕ ನಿಂತಿದ್ದೆ ನಾನು. ನೀನು ಬಿದ್ದಿದ್ದು ನೋಡ್ದೆ, ಕಿರುಚಿದ್ದು ಕೇಳಿಸ್ತು. ಈಗಲೂ ಕೇಳಿಸುತ್ತೆ. ಬೆಟ್ಟದ ಮೇಲೆ ಹಾಗಾದ್ರೆ ಅಂತ ಯೋಚಿಸಿದ್ರೇನೇ ನನಗೆ ಕೈಕಾಲು ಆಡಲ್ಲ." ದನಿ ಸಣ್ಣದಾಯಿತು. "ಹಿಮೇನಾ ಬಗ್ಗೆ ನನಗೆ ಹಾಗೆ ಅನ್ನಿಸಲ್ಲ. ಒಕ್ತಾವಿಯೊ ಉರುಳಿ ಬಿದ್ರೆ ನಗ್ತೀನಿ. ನಿನ್ನೊಬ್ಬಳ ಬಗ್ಗೆ ಮಾತ್ರ ಹಾಗನ್ನಿಸುತ್ತೆ. ಯಾಕೆ ಅಂತ ನಿನಗೆ ಗೊತ್ತಿಲ್ವಾ?"

ಗೊತ್ತಾಯಿತು. ಎದೆಯಲ್ಲಿ ಹಾಯೆನಿಸಿತು, ನಿಜ. ಎಷ್ಟು ತಿಂಗಳಿಂದ ಕಾದ ಮಾತು! ಆದರೆ ಆ ಮಾತು ಬಂದ ರೀತಿಗೆ ಸಿಟ್ಟು ಇನ್ನೂ ಏರಿತು.

"ಭಯ ನಿಂದು ಬಾಲ್ತಾ. ಅದನ್ನ ನಿನ್ನ ಚೀಲದಲ್ಲಿ ಹೊತ್ಕೋ. ಅದಕ್ಕೋಸ್ಕರ ನನ್ನ ಚೀಲ ಯಾಕೆ ಖಾಲಿ ಮಾಡ್ತೀಯಾ?"

ಅವನು ನನ್ನನ್ನೇ ನೋಡಿದ. ಆವತ್ತು ಮೊದಲ ಸಲ ಆ ಕಣ್ಣು ನನ್ನ ಕಾಲಿನತ್ತ ಇಳಿಯಲಿಲ್ಲ. ಆಮೇಲೆ ಫ್ಲಾಸ್ಕನ್ನು ಮೆಟ್ಟಿಲ ಮೇಲಿಟ್ಟು ನನ್ನ ಬೆನ್ನ ಹಿಂದೆ ಬಂದ. ಚೀಲದ ದಾರ ಸಡಿಲವಾದದ್ದು, ಏನೋ ಸರಸರ ಎಳೆದದ್ದು ಗೊತ್ತಾಯಿತು. ಎದುರಿಗೆ ಬಂದಾಗ ಟೆಂಟಿನ ಬಟ್ಟೆಯನ್ನು ಎದೆಗಪ್ಪಿಕೊಂಡಿದ್ದ.

"ಕೋಲು ಅಲ್ಲೇ ಇದೆ, ನಿನ್ನ ಹತ್ರ," ಎಂದ. "ಸ್ಟೌನೂ. ಬೇಳೆ ಅರ್ಧರ್ಧ ಮಾಡ್ಕೊಳ್ಳೋಣ. ಹೋಗೋದು ಮೇಲಿನ ದಾರೀಲೇ."

"ಕೋಲು ಕೊಟ್ರೆ ಏನು ಅಂತ ಗೊತ್ತು ತಾನೆ?"

"ನಿಯಮ ಮಾಡಿದ್ದೇ ನಾನು. ನೀನಿಲ್ದೆ ನನಗೆ ಸೂರಿಲ್ಲ."

ನಗು ಬರುವುದರಲ್ಲಿತ್ತು, ತುಟಿ ಕಚ್ಚಿ ತಡೆದೆ. "ಇನ್ನೊಂದು ಸಲ ನನ್ನ ಕೇಳದೆ ನನ್ನ ವಿಷಯ ತೀರ್ಮಾನ ಮಾಡು, ಈ ಕೋಲು ತಗೊಂಡು ಅಲ್ಲಿಂದ್ಲೇ ಬಸ್ ಹತ್ತಿ ಬಂದ್ಬಿಡ್ತೀನಿ. ನೀನು ಬೆಟ್ಟದ ಚಳಿಯಲ್ಲಿ ಆ ಬಟ್ಟೆ ಸುತ್ಕೊಂಡು ಬಿದ್ದಿರು."

"ಇನ್ನು ಕೇಳದೆ ಏನೂ ಮಾಡಲ್ಲ."

"ಏನೂ?"

"ಏನೂ." ಒಂದು ಮೆಟ್ಟಿಲು ಹತ್ತಿರ ಬಂದ. ಬಟ್ಟೆಯ ಗಂಟು ನಮ್ಮಿಬ್ಬರ ನಡುವೆ ಸಿಕ್ಕಿಕೊಂಡಿತು. ಆ ಹಾಳು ರೆಪ್ಪೆಗಳು ಈಗ ಕೈಗೆಟುಕುವಷ್ಟು ಸನಿಹದಲ್ಲಿದ್ದವು. "ಹಾಗಾದ್ರೆ ಈಗ ಒಂದು ಕೇಳ್ಲಾ ಮೈತೆ?"

ಏನು ಕೇಳುತ್ತಾನೆಂದು ಮೆಟ್ಟಿಲ ಕಂಬಿಗೂ ಗೊತ್ತಿತ್ತು. ಆದರೂ ಬಿಟ್ಟುಕೊಡಲಿಲ್ಲ.

"ಬಾಯಿ ಬಿಟ್ಟು ಕೇಳು," ಎಂದೆ. "ಪೂರ್ತಿಯಾಗಿ."

ಪಾಪ, ಒಂದು ಮುತ್ತು ಕೊಡಲಾ ಎಂದು ತೊದಲುತ್ತಾ ಪೂರ್ತಿಯಾಗಿಯೇ ಕೇಳಿದ. ನನ್ನ ಪಾಲಿನ ಭಾರವನ್ನು ಬೆನ್ನ ಮೇಲೆ ಹೊತ್ತುಕೊಂಡೇ ನಾನು ಹೂಂ ಎಂದೆ.