ಅಟ್ಟವಿದ್ದ ಮನೆ

ತಿಪಟೂರಿನ ಬಸ್ ನಿಲ್ದಾಣದ ಪಕ್ಕದ ಪುಟ್ಟ ಮನೆಯನ್ನೇ ಕೊಳ್ಳೋಣವೆಂದು ನನ್ನ ಗಂಡ ಜ್ಞಾನೇಶ್ ಹಟ ಹಿಡಿದಿದ್ದರು. ನನಗೆ ತುರುವೇಕೆರೆ ರಸ್ತೆಯ ತೋಟದ ಮನೆ ಬೇಕಿತ್ತು. ಮದುವೆಯಾದಂದಿನಿಂದ ನನಗೆ ಸಿಗದಿದ್ದ, ಒಬ್ಬಳೇ ಮಲಗುವ ಕೋಣೆ ಅಲ್ಲಿತ್ತು.

“ಅಷ್ಟು ದೊಡ್ಡ ಮನೇಲಿ ಕುಂಟೆಬಿಲ್ಲೆ ಆಡ್ತೀಯೇನೇ?” ಎಂದರು.

ಇಬ್ಬರೂ ತೋಟದ ಮನೆ ನೋಡಲು ಹೋದ ಮಧ್ಯಾಹ್ನ, ಅಟ್ಟದ ಮೇಲೆ ಯಾರೋ ಕೊಬ್ಬರಿ ಒಣಗಿದೆಯೇ ಎಂದು ಒಂದೊಂದೇ ಕಾಯಿಯನ್ನು ಅಲ್ಲಾಡಿಸಿ ನೋಡುತ್ತಿದ್ದ ಸದ್ದು ಕೇಳಿಸಿತು.

“ಅಟ್ಟ ಖಾಲಿ ಕಣವ್ವ, ಬೇಕಾದ್ರೆ ಹತ್ತಿ ನೋಡು,” ಎಂದರು ಮನೆಯೊಡತಿ ಚಿಕ್ಕಗೌರಮ್ಮ.

ಹತ್ತಿದೆ. ಬರಿಯ ಹಲಗೆಗಳಿದ್ದವು. ಸದ್ದು ಈಗ ಕೆಳಗಿನಿಂದ, ನಾನು ಮೆಚ್ಚಿದ್ದ ಕೋಣೆಯಿಂದ ಬರುತ್ತಿತ್ತು. ಆದರೂ ಆ ಕೋಣೆಯ ಆಸೆ ಬಿಡಲಾಗದೆ, ಇಳಿದು ಬಂದು, ಇದೇ ಮನೆ ಇರಲಿ ಎಂದೆ. ಜ್ಞಾನೇಶ್ ಕೊನೆಗೆ ಹಟ ಬಿಟ್ಟು ಒಪ್ಪಿದರು.

ಈಗ ಆ ಕೋಣೆಯಲ್ಲಿ ಒಬ್ಬಳೇ ಮಲಗುತ್ತೇನೆ. ಬೆಳಿಗ್ಗೆ ಏಳುವಾಗ ಹಾಸಿಗೆಯ ಇನ್ನೊಂದು ಪಕ್ಕ, ನಾನು ಹೊರಳದ ಪಕ್ಕ, ಬೆಚ್ಚಗಿರುತ್ತದೆ.