ಬೇಲಿಯಾಚೆ ಹೋದ ಕೇಬಲ್

ಕೊಡಲಿ ಇನ್ನೂ ಯಲ್ಲಾಲಿಂಗನ ಕೈಯಲ್ಲೇ ಇತ್ತು. ಓಡಿಬಂದ ರಾಜಶ್ರೀ ಅವನ ಎಡಗೆನ್ನೆಗೆ ಬಾರಿಸಿಬಿಟ್ಟಳು.

"ಆರು ತಾಸಿನ ಟೆಸ್ಟ್ ಅದು. ಒಂದ ಏಟಿಗೆ ಮಣ್ಣಪಾಲು ಮಾಡಿದಿ!"

ಯಲ್ಲಾಲಿಂಗ ಕೊಡಲಿ ಕೆಳಗಿಟ್ಟು, ಕಡಿದ ಕೇಬಲಿನ ತುದಿ ಎತ್ತಿಕೊಂಡ. ಯಂತ್ರಕ್ಕೆ ತಂಪುನೀರು ಹರಿಸುವ ಪಂಪಿನದು ಅದು; ಸ್ವಿಚ್ ಇಳಿಸಿ ಅವನು ಕಡಿದುಹಾಕಿದ್ದ. ತಂಪುನೀರು ನಿಂತದ್ದೇ ತಡ, ಒಳಗೆ ಸೂಪರ್‌ಕಂಪ್ಯೂಟರ್ ಕಾದು ತಾನಾಗಿಯೇ ಬಂದ್ ಆಗಿತ್ತು.

ಕೊಲ್ಹಾರದ ಹಿನ್ನೀರಿನ ದಂಡೆಯ ಈ ಕೇಂದ್ರಕ್ಕೆ ಅವಳು ಬಂದು ಮೂರೇ ದಿನ. ಯಂತ್ರ ಎಷ್ಟು ಬೇಗ ಲೆಕ್ಕ ಬಿಡಿಸುತ್ತದೆ, ಅದಕ್ಕೆ ಎಷ್ಟು ಕರೆಂಟ್ ತಿನ್ನುತ್ತದೆ ಎಂದು ಅಳೆದು ಪ್ರಮಾಣಪತ್ರ ಕೊಡುವುದು ಅವಳ ಕೆಲಸ. ಇಷ್ಟು ಕಡಿಮೆ ಕರೆಂಟಿನಲ್ಲಿ ಇಷ್ಟು ವೇಗ... ಎಲ್ಲೂ ಕಂಡಿರಲಿಲ್ಲ! ಇಂಡಿ ತಾಲೂಕಿನ ಹುಡುಗಿ ನಾನು, ನಮ್ಮ ಜಿಲ್ಲೆಯ ಯಂತ್ರ ಎಂದು ಹಿಗ್ಗಿದ್ದಳು.

ಯಾರಿಗೂ ಹೇಳದ ಇನ್ನೊಂದು ಹಿಗ್ಗೂ ಇತ್ತು. ಹೊತ್ತುಹೊತ್ತಿಗೆ ಚಹಾ ತಂದಿಟ್ಟು ತಲೆ ತಗ್ಗಿಸಿ ಹೋಗುವ ಈ ಎಲೆಕ್ಟ್ರಿಷಿಯನ್‌ನ ದಾರಿಯನ್ನು ಅವಳು ಕಾಯತೊಡಗಿದ್ದಳು.

ಛೇ, ಎಂಥವನನ್ನು ಮೆಚ್ಚಿದೆ...

ಅಷ್ಟರಲ್ಲಿ ಕೇಂದ್ರದ ಗುತ್ತಿಗೆದಾರ ಬಸಂತರಾಯ ನಾಲ್ವರೊಂದಿಗೆ ನುಗ್ಗಿದ. ಮಾತಿಲ್ಲ ಕತೆಯಿಲ್ಲ. ಮೊದಲ ಬಡಿಗೆ ಮೊಣಕಾಲಿಗೆ ಬಿತ್ತು, ಎರಡನೆಯದು ಬೆನ್ನಿಗೆ. ಯಲ್ಲಾಲಿಂಗ ಕುಸಿದ, ಬಾಯಿಂದ ರಕ್ತ ಸುರಿಯಿತು. ಆದರೂ ಕೇಬಲಿನ ತುಂಡು ಬಿಡಲಿಲ್ಲ.

"ಇದು ಎಲ್ಲಿಗಿ ಹೋಗೈತಿ... ನೋಡ್ರಿ ಮೇಡಂ."

ಅವಳು ನೋಡಿದಳು. ಕೇಬಲ್ ಅವಳ ಮೀಟರಿನ ಕಡೆ ಹೋಗಿರಲೇ ಇಲ್ಲ! ಬೇಲಿಯಡಿ ನುಸುಳಿ, ಜೋಳದ ಹೊಲದ ಆಚೆ, ರೈತರ ಟ್ರಾನ್ಸ್‌ಫಾರ್ಮರಿಗೆ ಸೇರಿತ್ತು. ಪಂಪು ತಿಂದ ಕರೆಂಟ್ ಅವಳ ಅಳತೆಗೆ ಬಂದೇ ಇರಲಿಲ್ಲ. ಹೊಲದವರ ಪಂಪುಗಳು ಮೂರು ದಿನದಿಂದ ಯಾಕೆ ಸತ್ತು ಬಿದ್ದಿದ್ದವೆಂದು ಈಗ ತಿಳಿಯಿತು.

ಮೂರನೆಯ ಬಡಿಗೆ ಮೇಲೆದ್ದಾಗ ಅವಳು ನಡುವೆ ಬಿದ್ದಳು. ಏಟು ಅವಳ ಮುಂಗೈಗೆ ಬಿತ್ತು, ಎಲುಬು ಲಟಕ್ಕೆಂದಿತು. ಇನ್ನೊಂದು ಕೈಯಲ್ಲಿ ಕೊಡಲಿ ಎತ್ತಿಕೊಂಡಳು.

ಪ್ರಮಾಣಪತ್ರಕ್ಕೆ ಸಹಿ ಮಾಡದಿದ್ದರೆ ಇಬ್ಬರನ್ನೂ ಹಿನ್ನೀರಿಗೆ ಹಾಕುತ್ತೇನೆ ಎಂದು ಬಸಂತರಾಯ ಅಬ್ಬರಿಸಿದ.

"ಪಂಪಿನ ಕರೆಂಟೂ ಹಿಡದು ಅಳದ ಮ್ಯಾಲನ ಸಹಿ. ಈಗ ಯಾರ ಬರ್ತೀರಿ, ಬರ್ರಿ."

ಗದ್ದಲ ಕೇಳಿದ ಹೊಲದವರು ಕುಡುಗೋಲು ಹಿಡಿದು ಬೇಲಿ ದಾಟಿದರು. ಬಡಿಗೆ ಹಿಡಿದವರು ಬಡಿಗೆ ಬಿಟ್ಟು ಓಡಿದರು, ಬಸಂತರಾಯ ಅವರಿಗಿಂತ ಮುಂದೆ.

ಬಾಗೇವಾಡಿಯ ಆಸ್ಪತ್ರೆಯಲ್ಲಿ ಅವಳ ಕೈಗೆ ಪಟ್ಟಿ, ಅವನ ಕಾಲಿಗೆ ಪಟ್ಟಿ. ಅವಳಿಗೆ ಅಳು ತಡೆಯಲಾಗಲಿಲ್ಲ.

"ನಾ ಮೀಟರ್ ನಂಬಿದೆ, ನಿನ್ನ ನಂಬಲಿಲ್ಲ. ಮೊದಲ ಯಾಕ ಹೇಳಲಿಲ್ಲ?"

"ನೀವೂ ಅವರ ಪೈಕಿ ಅಂತ ತಿಳದಿದ್ದೆನ್ರಿ."

"ಮತ್ತ ಚಹಾ ಯಾಕ ತರ್ತಿದ್ದಿ?"

ಅವನು ಎಂದಿನಂತೆ ತಲೆ ತಗ್ಗಿಸಿದ.

"ಅದನ್ನ ಬಿಡಾಕ ಆಗಲಿಲ್ರಿ."

ತಾನೇ ಹೊಡೆದ ಕೆನ್ನೆಯ ಮೇಲೆ ಅವಳು ಅಂಗೈ ಇಟ್ಟಳು.

"ಇನ್ನ ಮ್ಯಾಲೆ ಚಹಾ ನಾ ಮಾಡ್ತೇನಿ. ನೀ ಕುಂತು ಕುಡಿ."

"ಎಷ್ಟ ದಿನಾ ಮೇಡಂ?"

"ನೀ ನನಗ ಮೇಡಂ ಅನ್ನೂದು ಬಿಡೂತನಕ... ಬಿಟ್ಟ ಮ್ಯಾಲೂ."