ಎಡಗೈ ಎತ್ತಿದವಳು

ವಿನಯನ ಜೊತೆ ನಾನು ಜಗಳವಾಡಿದ್ದು ಒಂದೇ ಸಲ, ಅದೂ ಕೊನೆಯ ಪಾಠದ ಹಿಂದಿನ ದಿನ.

ನಾವಿಬ್ಬರೂ ಬೆಳಗಾವಿಯಲ್ಲಿ ಬಿ.ಎಡ್. ಓದುತ್ತಿದ್ದೆವು, ಇಬ್ಬರದೂ ಕನ್ನಡ ವಿಷಯ. ಖಾನಾಪುರದ ಒಂದು ಶಾಲೆಯಲ್ಲಿ, ಹೊರಗಿನ ಪರೀಕ್ಷಕರ ಮುಂದೆ ಕೊನೆಯ ಪಾಠ ಮಾಡಿ ತೋರಿಸಬೇಕಿತ್ತು. ಕಾಲೇಜಿಗೆ ಫಸ್ಟ್ ನಾನೋ ವಿನಯನೋ ಎಂಬುದು ತೀರ್ಮಾನವಾಗುವುದು ಅಲ್ಲೇ. ನನಗಂತೂ ಅದು ಬೇಕೇ ಬೇಕಾಗಿತ್ತು, ಸುಳ್ಳು ಯಾಕೆ ಹೇಳಲಿ?

ಅದಕ್ಕೇ ಆರನೇ ಕ್ಲಾಸಿನ ಮಕ್ಕಳಿಗೆ ಗುಟ್ಟೊಂದು ಹೇಳಿಕೊಟ್ಟೆ. ಪ್ರಶ್ನೆ ಕೇಳಿದಾಗ ಎಲ್ಲರೂ ಕೈ ಎತ್ತಬೇಕು. ಉತ್ತರ ಬರುವವರು ಬಲಗೈ, ಬಾರದವರು ಎಡಗೈ. ನಾನು ಬಲಗೈಯವರನ್ನೇ ಎಬ್ಬಿಸುತ್ತೇನೆ. ನಮ್ಮ ಸೀನಿಯರುಗಳೆಲ್ಲ ಹೀಗೇ ಪಾಸಾದವರು.

ವಿನಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ದಿನಾ ನನ್ನನ್ನು ಕದ್ದು ನೋಡುತ್ತಿದ್ದವನು, ಸಿಕ್ಕಿಬಿದ್ದರೆ ಬೋರ್ಡು ಓದುವ ನಾಟಕ ಮಾಡುತ್ತಿದ್ದವನು, ಅವತ್ತು ಮಾತ್ರ ನೆಟ್ಟಗೆ ಕಣ್ಣಲ್ಲಿ ಕಣ್ಣಿಟ್ಟ.

“ಸಪ್ನಾ, ಎಡಗೈ ಎತ್ತಿದವ್ರಿಗೆ ಕಲಿಸಾಕ ಅಲ್ಲೇನ್ರಿ ನಾವು ಬರೋದು?”

“ನಿಮ್ಮ ಪಾಠ ನೀವು ನೋಡ್ಕೋರಿ,” ಅಂದೆ. ಮೈಯೆಲ್ಲ ಉರಿದುಹೋಯಿತು. ಅವನ ಮಾತು ನಿಜವಾಗಿತ್ತಲ್ಲ, ಅದಕ್ಕೇ ಉರಿದದ್ದು.

ಮರುದಿನ ಎಲ್ಲವೂ ಅಂದುಕೊಂಡಂತೆಯೇ ನಡೆಯಿತು. ಪ್ರಶ್ನೆ ಕೇಳಿದರೆ ಸಾಕು, ನಲವತ್ತು ಕೈ ಮೇಲೆ. ಪರೀಕ್ಷಕರು ತಲೆದೂಗುತ್ತಿದ್ದರು, ವಿನಯ ಬಾಗಿಲ ಬಳಿ ಕೂತು ನೋಡುತ್ತಿದ್ದ. ಹಿಂದಿನ ಬೆಂಚಿನಲ್ಲಿ ಮಹೇಕ ಎಂಬ ಹುಡುಗಿ, ಮನೆಯಲ್ಲಿ ಉರ್ದು ಮಾತಾಡುವವಳು, ಪ್ರತಿ ಸಲವೂ ಎಡಗೈ ಎತ್ತಿ ನನ್ನನ್ನು ನೋಡಿ ನಗುತ್ತಿದ್ದಳು. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಿದ್ದಾಳೆ ಪಾಪ. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

“ಮಹೇಕ, ಬಾರವ್ವ ಇಲ್ಲಿ,” ಅಂದೆ.

ಪುಸ್ತಕದ ಸಾಲು ಅವಳಿಗೆ ಬರಲಿಲ್ಲ. ಬೆಳಗ್ಗೆ ಏನು ತಿಂದೆ ಅಂತ ಕೇಳಿದೆ. ಅಮ್ಮ ರೊಟ್ಟಿ ಮಾಡಿದ್ದು, ಬೆಕ್ಕು ಅದನ್ನು ಕದ್ದದ್ದು, ಎಲ್ಲ ಅರ್ಧ ಉರ್ದು ಅರ್ಧ ಕನ್ನಡದಲ್ಲಿ ಹೇಳಿದಳು. ಅದನ್ನೇ ಬೋರ್ಡಿನ ಮೇಲೆ ಕನ್ನಡದಲ್ಲಿ ಬರೆದೆ. ಅಕ್ಷರಗಳ ಕೆಳಗೆ ಬೆರಳಿಟ್ಟು, ತಡವರಿಸುತ್ತ, ಬೆಕ್ಕು ರೊಟ್ಟಿ ಕದ್ದಿತು ಎಂದು ಓದಿದಳು. ಅಷ್ಟರಲ್ಲಿ ಗಂಟೆ ಹೊಡೆಯಿತು, ನನ್ನ ಪಾಠ ಅರ್ಧಕ್ಕೇ ನಿಂತಿತ್ತು. ಮುಗಿಸದ ಪಾಠಕ್ಕೆ ಅಂಕ ಕಡಿಮೆಯಾಗುತ್ತದೆ ಎಂದು ಪರೀಕ್ಷಕರು ಬೇಸರದಿಂದಲೇ ಹೇಳಿದರು.

ಖಾನಾಪುರ ಬಸ್‌ಸ್ಟ್ಯಾಂಡಿನಲ್ಲಿ ವಿನಯ ಎರಡು ಚಹಾ ತಂದ. ಇನ್ನು ಫಸ್ಟ್ ನಿಮಗೇ, ಕುಂದಾ ತಿನ್ನಿಸಿ ಬಾಯಿ ಸಿಹಿ ಮಾಡೋದು ಯಾವಾಗ ಅಂತ ಚುಚ್ಚಿದೆ. ಅವನು ನಗಲಿಲ್ಲ.

“ಇವತ್ತ ನಿಮ್ಮನ್ನ ನೋಡಿದ ಮ್ಯಾಲ ಸುಮ್ಮನಿರಾಕ ಆಗವಲ್ದ್ರಿ. ನಮ್ಮವ್ವನ್ನ ನಿಮ್ಮ ಮನಿಗೆ ಕಳಸ್ಲ್ಯಾ?”

ಆರು ತಿಂಗಳಿಂದ ನಾನು ಕಾದಿದ್ದ ಮಾತು ಅದು. ನಾಚಿಕೆಗೀಚಿಕೆ ಏನೂ ಆಗಲಿಲ್ಲ, ಕುಣಿಯುವಷ್ಟು ಖುಷಿಯಾಯಿತು.

“ಅವ್ವನ್ನ ಒಬ್ಬಾಕಿನ್ನ ಯಾಕ ಕಳಸ್ತೀರಿ? ನೀವೂ ಬರ್ರಿ. ರವಿವಾರ ಅಪ್ಪ ಮನಿಯೊಳಗ ಇರ್ತಾರ.”

ಬೆಳಗಾವಿ ಬಸ್ಸು ಬಂತು. ಜನ ಬಾಗಿಲಿಗೆ ಮುಗಿಬಿದ್ದರು. ಅವನಿನ್ನೂ ಬಾಯಿ ತೆರೆದು ನಿಂತೇ ಇದ್ದ. ನಾನೇ ಓಡಿಹೋಗಿ, ಕಿಟಕಿಯಿಂದ ಕರ್ಚೀಫು ಹಾಕಿ ಇಬ್ಬರಿಗೂ ಸೀಟು ಹಿಡಿದೆ.